ಆಯಿ ಕೇಳಿದ ಫೋಟೋ

ನಾನು ಬೆಳೆದ ಮನೆಯಲ್ಲಿ ಯಾವ ವಸ್ತುವನ್ನೂ ನೋಡದೆ ಮುಟ್ಟುವಂತಿರಲಿಲ್ಲ. ಒಲೆ ಹಚ್ಚುವ ಮೊದಲು ಬರ್ನರ್ ಒರೆಸಿ ನೋಡಬೇಕು. ಅಲ್ಲೊಂದು ಇರುವೆ ಕಂಡರೆ ಅದು ತನ್ನ ಪಾಡಿಗೆ ಇಳಿದು ಹೋಗುವವರೆಗೆ ಯಾರಿಗೂ ಚಹಾ ಇಲ್ಲ. ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಆ ಅರಿವೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಾಡಬೇಕು, ಯಾಕೆಂದರೆ ಅದರಲ್ಲಿ ಸಿಕ್ಕಿಕೊಂಡ ಜೀವಗಳು ತಮ್ಮ ಮನೆಗೆ ವಾಪಸು ಹೋಗಬೇಕಲ್ಲ. ಬೇಳೆ, ಜೋಳ, ದಿಂಬು, ಟ್ರಂಕಿನ ಸೀರೆ ಎಲ್ಲಕ್ಕೂ ಆಗಾಗ ಅಂಗಳದ ಬಿಸಿಲು. ಊಟವೋ, ಹೊತ್ತು ಮುಳುಗುವ ಮೊದಲು ಮುಗಿಯಬೇಕು. ನಿಪ್ಪಾಣಿಯ ಹೈಸ್ಕೂಲಿನಿಂದ ನಮ್ಮೂರು ಅಕ್ಕೋಳಕ್ಕೆ ಬರುವ ಬಸ್ಸು ಚಳಿಗಾಲದಲ್ಲಿ ತಡವಾದರೆ ನಾನು ಹಸಿದೇ ಮಲಗುತ್ತಿದ್ದೆ, ಅದಕ್ಕೆ ಯಾರೂ ಬಸ್ಸಿನವನನ್ನು ಬೈಯುತ್ತಿರಲಿಲ್ಲ, ನಾನು ಯಾಕೆ ಹಿಂದಿನ ಬಸ್ಸಿಗೆ ಬರಲಿಲ್ಲ ಎಂದು ನನ್ನನ್ನೇ ಬೈಯುತ್ತಿದ್ದರು. ಹೊಲದಲ್ಲಿ ತಂಬಾಕಿಗೆ ಔಷಧಿ ಹೊಡೆಸುವಾಗ ಹುಳಗಳ ಮೇಲಿನ ಈ ಕರುಣೆ ಎಲ್ಲಿ ಹೋಗಿರುತ್ತದೆ ಎಂದು ಒಂದು ಸಂಜೆ ಊಟಕ್ಕೆ ಕುಳಿತಾಗ ಕೇಳಿಬಿಟ್ಟೆ. ಪಪ್ಪಾ ಕೇಳಿಸದವರಂತೆ ರೊಟ್ಟಿ ಮುರಿದರು. ಮಮ್ಮಿ ಕಣ್ಣಲ್ಲೇ ಗದರಿದಳು. ಕುಸುಮತ್ತೆ ಮಾತ್ರ ತಾಟು ಬದಿಗಿಟ್ಟು ಎದ್ದುಹೋದಳು, ಮರುದಿನದಿಂದ ಹೊಲದ ಕಡೆ ಕಾಲು ಹಾಕುವುದನ್ನೇ ಬಿಟ್ಟಳು. ಅವಳ ಜೊತೆ ವಾದ ಮಾಡಿ ಗೆಲ್ಲುವುದು ಹೀಗೇ ಇರುತ್ತಿತ್ತು, ಗೆದ್ದವರೇ ಸೋತ ಹಾಗೆ.

ಕುಸುಮತ್ತೆ ಪಪ್ಪಾನ ತಂಗಿ. ಚಿಕ್ಕ ವಯಸ್ಸಿನಲ್ಲೇ ಮದುವೆ ಬೇಡ ಎಂದು ಬ್ರಹ್ಮಚರ್ಯದ ವ್ರತ ತೆಗೆದುಕೊಂಡು ಮನೆಯಲ್ಲೇ ಉಳಿದವಳು. ಸೋಸುವುದು, ಆರಿಸುವುದು, ಕೊಡವುವುದು, ಬಿಸಿಲಿಗೆ ಹಾಕುವುದು ಎಲ್ಲ ಅವಳದೇ ಕಾರುಬಾರು. ನನ್ನನ್ನು ಬೆಳೆಸಿದವಳೂ ಅವಳೇ. ಮಮ್ಮಿ ಅಡಿಗೆಮನೆಯಲ್ಲಿ ಇರುತ್ತಿದ್ದಳು, ನಾನು ಅತ್ತೆಯ ಎರಡು ಮೊಣಕಾಲಿನ ನಡುವೆ ಇರುತ್ತಿದ್ದೆ, ತಲೆ ಬಾಚಿಸಿಕೊಳ್ಳುತ್ತಾ. ಹೇನು ಸಿಕ್ಕರೆ ಅದನ್ನೂ ಕೊಲ್ಲುತ್ತಿರಲಿಲ್ಲ. ಒಂದು ಚೂರು ಅರಿವೆಗೆ ಬಿಟ್ಟುಕೊಂಡು ಹಿತ್ತಲಿಗೆ ಹೋಗಿ ಬಿಟ್ಟು ಬರುತ್ತಿದ್ದಳು. ಅದು ಅಲ್ಲಿ ಯಾರ ತಲೆ ಹುಡುಕಿಕೊಂಡು ಹೋಗಬೇಕೋ ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, ಅದರ ದಾರಿ ಅದು ನೋಡಿಕೊಳ್ಳುತ್ತದೆ ಎನ್ನುತ್ತಿದ್ದಳು.

ಇಂಥ ಮನೆಗೆ ಕ್ಯಾಮೆರಾ ಬಂತು. ಕೊಲ್ಹಾಪುರದಲ್ಲಿ ನೌಕರಿಯಲ್ಲಿದ್ದ ಕಾಕಾ, ಪಪ್ಪಾನ ತಮ್ಮ, ತನಗೊಂದು ಡಿಜಿಟಲ್ ಕ್ಯಾಮೆರಾ ಕೊಂಡು, ಹಳೆಯ ರೋಲಿನ ಕ್ಯಾಮೆರಾವನ್ನು ದೀಪಾವಳಿಗೆ ಬಂದಾಗ ನನ್ನ ಕೈಗೆ ಕೊಟ್ಟ. ಅಡಿಗಲ್ಲಿನಷ್ಟು ಭಾರ. ಅದರ ಚರ್ಮದ ಚೀಲ ಹೊಸ್ತಿಲು ದಾಟಲಿಲ್ಲ. ಆಯಿ ಅದನ್ನು ಅಲ್ಲಿಂದಲೇ ಕಾಕಾನ ಗಾಡಿಗೆ ವಾಪಸು ಕಳಿಸಿದಳು. ಆಯಿ ಎಂದರೆ ಪಪ್ಪಾನ ತಾಯಿ, ಆ ಮನೆಯ ಹೈಕೋರ್ಟು. ಕ್ಯಾಮೆರಾದ ಮೈಮೇಲಿನ ಕಪ್ಪು ಹೊದಿಕೆಯೂ ಚರ್ಮವೇ ಎಂಬ ವಿಚಾರಣೆ ನಡೆದು, ಅದು ರೆಕ್ಸಿನ್ ಎಂದು ಕಾಕಾ ಆಣೆ ಮಾಡಿದ ಮೇಲೆ ಒಳಗೆ ಬಿಟ್ಟರು. ಕುಸುಮತ್ತೆ ಹಳೆಯ ಸೀರೆಯಲ್ಲಿ ಅದಕ್ಕೊಂದು ಚೀಲ ಹೊಲಿದು ಪಡಸಾಲೆಯ ಗೋಡೆಗೂಡಿನಲ್ಲಿಟ್ಟಳು. ಕಾಕಾ ಹೇಳಿಕೊಟ್ಟದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. ಎಲ್ಲರೂ ಸುತ್ತ ಕೂತು ನೋಡಿದರು. ಈ ಗುಬುಟು ಮೇಲಕ್ಕೆ ಎಳೆದರೆ ಹಿಂದಿನ ಬಾಗಿಲು ತೆರೆಯುತ್ತದೆ, ರೋಲು ಹೀಗೆ ಹಾಕಬೇಕು, ಇಲ್ಲಿ ಒತ್ತಬೇಕು, ಸೂರ್ಯ ನಿನ್ನ ಬೆನ್ನಿಗಿರಲಿ, ಆಯಿತು. ಮಿಕ್ಕದ್ದೆಲ್ಲ ತಪ್ಪು ಮಾಡಿ ಕಲಿ ಎಂದು ಗಾಡಿ ಹತ್ತಿದ.

ತಪ್ಪು ಮಾಡುವುದರಲ್ಲಿ ನಾನು ಹಿಂದೆ ಬೀಳಲಿಲ್ಲ. ಮೊದಲ ರೋಲಿನಲ್ಲಿ ಊರಿನ ಅರ್ಧ ಜನರನ್ನು ತೆಗೆದೆ. ಜನ ಎಂದರೆ, ಫೋಟೋ ಎಂದಕೂಡಲೇ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಲ್ಲುವವರು. ಟ್ರ್ಯಾಕ್ಟರಿನ ಮುಂದೆ ನಿಂತರೆ ಟ್ರ್ಯಾಕ್ಟರು ಪೂರ್ತಿ ಬರಲೇಬೇಕು ಎನ್ನುವವರು, ತಾವು ಬಾರದಿದ್ದರೂ ನಡೆಯುತ್ತದೆ. ನಿಪ್ಪಾಣಿಯ ಸ್ಟುಡಿಯೋದವನು ತೊಳೆದು ಕೊಟ್ಟ ನೆಗೆಟಿವ್ ಪಟ್ಟಿ ನೋಡಿದರೆ ಏನೆಂದರೆ ಏನೂ ಇಲ್ಲ, ತಿಳಿಯಾದ ಖಾಲಿ ಪಟ್ಟಿ. ರೋಲಿನ ಬಾಲ ಆ ಕಡೆಯ ಸುರುಳಿಗೆ ಸಿಕ್ಕಿಯೇ ಇರಲಿಲ್ಲ. ನಾನು ತಿರುಗಿಸಿದ್ದೆಲ್ಲ ಬರೀ ಗಾಳಿಯನ್ನು. ಊರಿನವರು ವರ್ಷವಿಡೀ ನಮ್ಮ ಫೋಟೋ ಎಲ್ಲಿ ಎಂದು ಕೇಳಿ ಜೀವ ತಿಂದರು. ಎರಡನೆಯದರಲ್ಲಿ ರೋಲು ಸರಿಯಾಗಿ ಕೂತಿತು, ಆದರೆ ಒಂದು ಮೂಲೆಯಲ್ಲಿ ನನ್ನ ಬೆರಳು, ಪಪ್ಪಾನಿಗೆ ಹಣೆ ಇಲ್ಲ, ಆಯಿಗೆ ಕಾಲಿಲ್ಲ, ಅಡಿಗೆಮನೆಯಲ್ಲಿ ತೆಗೆದ ಮಮ್ಮಿ ಇದ್ದಲಿನ ಗೋಣಿಯ ಹಾಗೆ ಕಾಣುತ್ತಿದ್ದಳು. ಪಪ್ಪಾ ಸೊಸಾಯಿಟಿಯ ಆಫೀಸಿನಲ್ಲಿ ಕಾರಕೂನರು; ಯಾರು ಏನು ಕೆಡಿಸಿದರೂ ಅವರದು ಒಂದೇ ಮಾತು, ತಪ್ಪಿನಿಂದ ಕಲಿಯಬೇಕು. ಕಲಿತೆ. ಬೆರಳು ಮಡಚಲು ಕಲಿತೆ, ಬಾಗಿಲ ಬೆಳಕಿಗೆ ಜನರನ್ನು ಕೂರಿಸಲು ಕಲಿತೆ, ತಿರುಗಿಸುವಾಗ ಎಡಗಡೆಯ ಗುಬುಟು ತಾನೂ ತಿರುಗುತ್ತದೋ ಇಲ್ಲವೋ ಎಂದು ನೋಡಲು ಕಲಿತೆ.

ಮಳೆಗಾಲ ಶುರುವಾದ ಮೇಲೆ ಬೇರೆಯೇ ಪೀಡೆ ಗಂಟುಬಿತ್ತು. ನಾನು ಯಾವ ತಪ್ಪೂ ಮಾಡದೆ ತೆಗೆದ ರೋಲು ಕಪ್ಪಾಗಿ ಬಂತು. ಖಾಲಿ ಪಟ್ಟಿ ಅಲ್ಲ, ಮಸಿ ಬಳಿದಂಥ ಪಟ್ಟಿ. ಬೆಳಕನ್ನು ಕಾಣದ ರೋಲು ತಿಳಿಯಾಗಿ ಬರುತ್ತದೆ, ವಿಪರೀತ ಕಂಡ ರೋಲು ಕಪ್ಪಾಗುತ್ತದೆ ಎಂಬುದು ಆಗ ಗೊತ್ತಾಯಿತು. ಅದರ ಜೊತೆಗೆ ಇನ್ನೊಂದು ಕಾಟ: ಎಷ್ಟು ಫೋಟೋ ಆದವು ಎಂದು ತೋರಿಸುವ ಮೇಲಿನ ಮುಳ್ಳು ಮರುದಿನ ನೋಡುವಷ್ಟರಲ್ಲಿ ಮೊದಲಿನ ಗೆರೆಗೆ ಹೋಗಿ ನಿಂತಿರುತ್ತಿತ್ತು. ಸ್ಟುಡಿಯೋದವನಿಗೆ ಅದನ್ನೂ ತೋರಿಸಿದೆ. ಅವನು ಯಾವಾಗಲೂ ಯಾರದೋ ಮದುವೆಯ ಆಲ್ಬಮ್ಮಿಗೆ ಅಂಟು ಹಚ್ಚುತ್ತಾ ಕೂತಿರುವ ಮನುಷ್ಯ. ತಲೆ ಎತ್ತದೆ ಹೇಳಿದ, ಮಷಿನ್ನಿಗೆ ವಯಸ್ಸಾಗಿದೆ, ಮುಳ್ಳು ಹೋಗಿದೆ, ಬಾಗಿಲ ಸಂದಿಗೆ ಅಂಟಿಸಿದ ಬನಾತು ಬಟ್ಟೆ ಹಳತಾಗಿ ಬೆಳಕು ಹೊಗುತ್ತಿದೆ. ನಾನು ನಂಬಿದೆ. ಕಪ್ಪು ಬನಾತು ತಂದು ಗುಂಡುಪಿನ್ನಿನ ತುದಿಯಿಂದ ಸಂದಿಸಂದಿಗೆ ಅಂಟಿಸಿದೆ. ಬಿಸಿಲಿನಲ್ಲಿ ತೆಗೆಯುವುದನ್ನೇ ಬಿಟ್ಟೆ. ಶಾಲೆಯ ಸಹಲಿಗೆ, ಅಂದರೆ ಪ್ರವಾಸಕ್ಕೆ, ಹೋದಾಗ ಒಂದೇ ದಿನದಲ್ಲಿ ಒಂದು ರೋಲು ಮುಗಿಸಿ, ಬರುವ ದಾರಿಯಲ್ಲೇ ಸ್ಟುಡಿಯೋಕ್ಕೆ ಕೊಟ್ಟು ಬಂದೆ. ಎಲ್ಲವೂ ಬಂದವು, ಕನ್ನಡಿಯಂತೆ. ಬನಾತು ಕೆಲಸ ಮಾಡಿತು ಎಂದು ಕುಣಿದಾಡಿದೆ. ಈಗ ನೆನೆದರೆ ಮೈ ಉರಿಯುತ್ತದೆ. ನಾನು ಮಾಡದ ತಪ್ಪಿನಿಂದ ನಾನು ಎಷ್ಟೆಲ್ಲ ಕಲಿತೆ!

ಆ ಚಳಿಗಾಲದಲ್ಲಿ ಕುಸುಮತ್ತೆ ತಾನು ದೀಕ್ಷೆ ತೆಗೆದುಕೊಳ್ಳುತ್ತೇನೆ ಎಂದಳು. ಊಟವಾದ ಮೇಲೆ, ತಾಟು ತೊಳೆದಿಟ್ಟು, ಸೆರಗಿಗೆ ಕೈ ಒರೆಸುತ್ತಾ, ನಾಳೆ ಗೋಧಿ ಬೀಸಿಸಬೇಕು ಎನ್ನುವ ಧಾಟಿಯಲ್ಲಿ. ದೀಕ್ಷೆ ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಗೂದಲನ್ನು ಕೈಯಿಂದಲೇ ಕೀಳುತ್ತಾರೆ. ಹೆಸರು ಬದಲಾಗುತ್ತದೆ. ಒಂದು ಬಿಳಿ ಸೀರೆ, ನವಿಲುಗರಿಯ ಪಿಂಛಿ, ಒಂದು ಕಮಂಡಲು. ಮನೆ, ತಾಯಿ, ಅಣ್ಣ ಎಂಬ ಸಂಬಂಧ ಅಲ್ಲಿಗೆ ಮುಗಿಯಿತು. ಎದುರು ಸಿಕ್ಕರೆ ನಾವು ಕೈಮುಗಿಯಬೇಕು, ಅವರು ಆಶೀರ್ವಾದ ಮಾಡುತ್ತಾರೆ. ಊರವರು ಬಂದು ಆಯಿಗೆ ಪುಣ್ಯವಂತೆ ಎಂದರು. ಆಯಿ ಹೌದೆಂದು ತಲೆಯಾಡಿಸಿದಳು, ಎಲ್ಲರಿಗೂ ಸಕ್ಕರೆ ಕೊಟ್ಟಳು. ಎಲ್ಲರೂ ಹೋದ ಮೇಲೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ಹಿಡಿದು ನಿಲ್ಲಿಸಿದಳು. ಮಗಳದೊಂದು ಫೋಟೋ ಅವಳ ಹತ್ತಿರ ಇರಲಿಲ್ಲ. ಹಿಂದೆ ವರನ ಕಡೆಯವರಿಗೆ ತೋರಿಸಲೆಂದು ತೆಗೆಸಿದ ಒಂದೇ ಫೋಟೋವನ್ನು ಆ ಪುಣ್ಯಾತ್ಮರು ವಾಪಸು ಕೊಟ್ಟಿರಲಿಲ್ಲ. ದೀಕ್ಷೆಯ ದಿನ ಕಾಕಾನ ಡಿಜಿಟಲ್ ಇರುತ್ತದೆ, ವಿಡಿಯೋದವರು ಇರುತ್ತಾರೆ, ಬೇಕಾದಷ್ಟು ತೆಗೆಯುತ್ತಾರೆ ಎಂದೆ.

"ಅದು ಮಂದೀ ಕುಸುಮ ಆಕ್ಕತಿ. ಮದಲಗಿತ್ತಿಗತೆ ಸಿಂಗಾರ ಮಾಡಿ ಮೆರವಣಿಗಿ ಮಾಡ್ತಾರ. ನನಗ ಮನ್ಯಾಗಿನ ಕುಸುಮ ಬೇಕು. ಕೆಲಸ ಮಾಡಕೋತ ಕುಂತಾಕಿ. ಒಂದ ತಗದ ಕೊಡು ಪಮ್ಮಿ, ನಾ ಸಾಯೂತನಾ ಇಟಗೋತೀನಿ."

ಆಯಿ ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು. ಹೈಕೋರ್ಟು ನನ್ನ ಮುಂದೆ ಕೈಚಾಚಿ ನಿಂತಿತ್ತು. ತೆಗೆದುಕೊಡುತ್ತೇನೆ ಎಂದು ಮಾತು ಕೊಟ್ಟೆ.

ಕುಸುಮತ್ತೆಯನ್ನು ಒಪ್ಪಿಸುವುದೊಂದು ರಗಳೆ. ದೇಹದ ಮೋಹ ಬಿಡಲು ಹೊರಟವಳ ದೇಹವನ್ನು ಕಾಗದಕ್ಕೆ ಅಂಟಿಸಿ ಇಟ್ಟುಕೊಳ್ಳುವುದೇನು ಎಂದಳು. ಅಳುವಂತಾಗಿ, ನನಗೋಸ್ಕರ ಎಂದೆ. ಆಯಿಯ ಹೆಸರು ಎತ್ತಬಾರದೆಂದು ಆಯಿಯೇ ಕಟ್ಟಪ್ಪಣೆ ಮಾಡಿದ್ದಳು. ಅತ್ತೆ ಎರಡು ಷರತ್ತು ಹಾಕಿ ಒಪ್ಪಿದಳು: ಕೆಲಸ ನಿಲ್ಲಿಸುವುದಿಲ್ಲ, ಈ ಕಡೆ ನೋಡು ನಗು ಎನ್ನುವಂತಿಲ್ಲ. ಹೀಗಾಗಿ ಒಂದು ರೋಲು ಮುಗಿಯಲು ವಾರಗಟ್ಟಲೆ ಹಿಡಿಯಿತು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಂದೋ ಎರಡೋ. ಬಾವಿಕಟ್ಟೆಯಲ್ಲಿ ನೀರು ಸೋಸುವಾಗ ಅರಿವೆಯಿಂದ ಇಳಿಯುವ ಧಾರೆ ಮತ್ತು ಅದರ ಹಿಂದೆ ಅವಳ ಮುಖ. ಬಾಗಿಲ ಬಳಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಾ, ಕಣ್ಣು ಕಿರಿದು ಮಾಡಿಕೊಂಡು. ನನಗೆ ಗೊತ್ತಿದ್ದದ್ದನ್ನೆಲ್ಲ ಅಲ್ಲಿ ಸುರಿದೆ. ಬೆಳಕು ಅವಳ ಎಡಗೆನ್ನೆಗೆ ಬರುವವರೆಗೆ ಕಾದೆ, ಉಸಿರು ಹಿಡಿದು ಒತ್ತಿದೆ. ದಿನಾ ಬೆಳಿಗ್ಗೆ ನೋಡಿದರೆ ಆ ಮುಳ್ಳು ಮತ್ತೆ ಮೊದಲಿಗೆ ಹೋಗಿ ನಿಂತಿರುತ್ತಿತ್ತು, ಮುಪ್ಪಾನುಮುದಿ ಮಷಿನ್ನಿಗೆ ಒಂದು ಬೈಗುಳ ಬೈದು ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡೆ. ಒಂದು ದಿನ ಅತ್ತೆ ಕೇಳಿದಳು, ಇದು ಟಪ್ ಎಂದು ಬಡಿಯುತ್ತದಲ್ಲ, ಒಳಗೆ ಏನು ಬಡಿಯುತ್ತದೆ ಎಂದು. ಬಸ್ಸಿಗೆ ತಡವಾಗಿತ್ತು. ಒಳಗೊಂದು ಪರದೆ ಇದೆ, ಫಟ್ಟನೆ ತೆರೆದು ಫಟ್ಟನೆ ಮುಚ್ಚುತ್ತದೆ ಎಂದು ಚೀಲ ಹೆಗಲಿಗೇರಿಸಿ ಓಡಿದೆ.

ಕೊನೆಯ ಫೋಟೋವನ್ನು ಅವಳು ಹೊರಡುವ ಹಿಂದಿನ ದಿನ ತೆಗೆದೆ. ತಲೆ ಎರೆದುಕೊಂಡು ಅಂಗಳದ ಎಳೆಬಿಸಿಲಿಗೆ ಕೂದಲು ಹರವಿಕೊಂಡು ಕೂತಿದ್ದಳು. ಹಿಂದೆ ಆಯಿ ಹಣಿಗೆ ಹಿಡಿದು ನಿಂತಿದ್ದಳು. ಆಯಿ ಬಾಚುತ್ತಲೇ ಇದ್ದಳು, ಸಿಕ್ಕು ಬಿಟ್ಟು ಎಷ್ಟೋ ಹೊತ್ತಾಗಿದ್ದರೂ. ಇದೊಂದು ಬಂದರೆ ಸಾಕು, ಮಿಕ್ಕದ್ದೆಲ್ಲ ಹಾಳಾಗಿ ಹೋಗಲಿ ಎಂದುಕೊಂಡು ಒತ್ತಿದೆ. ಮರುದಿನ ಎಲ್ಲರೂ ಅಥಣಿ ಕಡೆಯ ಒಂದು ಊರಿಗೆ ಹೋದೆವು, ಅಲ್ಲಿ ದೊಡ್ಡ ಮಂಟಪದಲ್ಲಿ ದೀಕ್ಷೆ. ಮೈಕು, ಮೆರವಣಿಗೆ, ವಿಡಿಯೋದವರ ದೀಪಗಳು. ಕೂದಲು ಕೀಳುವಾಗ ಆಯಿ ರೆಪ್ಪೆ ಹೊಡೆಯದೆ ನೋಡುತ್ತಾ ಕೂತಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಮಮ್ಮಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದೆ. ಹೊಸ ಹೆಸರು ಮೈಕಿನಲ್ಲಿ ಕೂಗಿದರು, ಜನ ಜಯಕಾರ ಹಾಕಿದರು, ನಾವು ನಮ್ಮ ಮನೆಯವಳನ್ನು ಅಲ್ಲೇ ಬಿಟ್ಟು ಟೆಂಪೊ ಹತ್ತಿ ಬಂದೆವು.

ರೋಲು ಕಪ್ಪಾಗಿ ಬಂತು. ಮೊದಲಿನಿಂದ ಕೊನೆಯವರೆಗೆ. ಸ್ಟುಡಿಯೋದವನು ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿ, ಇಂಥ ಮಷಿನ್ನನ್ನು ಹಳೇ ಸಾಮಾನಿಗೆ ಹಾಕು ಎಂದು ಮತ್ತೆ ತನ್ನ ಅಂಟಿನ ಕಡೆ ತಿರುಗಿದ. ನಾನು ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ, ದಾರಿಯ ಮೇಲೆ ಹೋಗುವವರು ನಿಂತು ನೋಡುವ ಹಾಗೆ. ಮನೆಯಲ್ಲಿ ಆಯಿ ಬಾಗಿಲಲ್ಲೇ ಕೂತಿದ್ದಳು. ಒಂದೂ ಇಲ್ಲವೇ ಎಂದಳು. ಒಂದೂ ಇಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು, ಆ ಸಂಜೆ ಊಟಕ್ಕೆ ಬರಲಿಲ್ಲ. ಪಪ್ಪಾ ಎಂದಿನಂತೆ ತಪ್ಪಿನಿಂದ ಕಲಿಯಬೇಕು ಎಂದರು. ನನ್ನ ತಪ್ಪು ಯಾವುದು ಎಂದಾದರೂ ಹೇಳಿರಿ, ಕಲಿಯುತ್ತೇನೆ ಎಂದು ಕಿರುಚಿ ಕ್ಯಾಮೆರಾವನ್ನು ಹಾಸಿಗೆಯ ಮೇಲೆ ಒಗೆದೆ. ಹೈಸ್ಕೂಲಿನ ಹುಡುಗಿ ಅಪ್ಪನಿಗೆ ಎದುರು ಕಿರುಚಿದ ಸುದ್ದಿ ಓಣಿಯಲ್ಲಿ ಬಹಳ ದಿನ ಓಡಾಡಿತು. ಆಯಿ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಕಾಕಾ ದೀಕ್ಷೆಯ ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ ತಂದುಕೊಟ್ಟ. ಕೊರಳ ತುಂಬ ಹಾರ ಹಾಕಿಕೊಂಡ ಯಾವಳೋ ಒಬ್ಬಳು. ಆಯಿ ಅದನ್ನು ನೋಡಿ, ಚಲೋ ಬಂದೈತಿ ಎಂದು ಮಮ್ಮಿಯ ಕೈಗೆ ದಾಟಿಸಿದಳು.

ಮುಂದಿನ ಮಳೆಗಾಲದ ಚಾತುರ್ಮಾಸಕ್ಕೆ ಅತ್ತೆ ಸೇರಿದ ಸಂಘ ರಾಯಬಾಗ ಕಡೆಯ ಒಂದು ಬಸದಿಯಲ್ಲಿ ನಿಂತಿತ್ತು. ನಾವು ದರ್ಶನಕ್ಕೆ ಹೋದೆವು. ಮಧ್ಯಾಹ್ನದ ಹೊತ್ತು, ಪಕ್ಕದ ಪಡಸಾಲೆಯಲ್ಲಿ ಮಣೆಯ ಮೇಲೆ ಈಗ ಮಾತಾಜಿಯಾಗಿದ್ದ ಕುಸುಮತ್ತೆ ಕೂತಿದ್ದರು. ಕೂದಲು ಒಂದು ಬೆರಳಿನಷ್ಟು ಬೆಳೆದಿತ್ತು. ಎದುರಿಗೆ ಚಾಪೆಯ ಮೇಲೆ ಊರಿನ ಹೆಂಗಸರು. ಆಯಿ ನೆಲಕ್ಕೆ ಹಣೆ ಹಚ್ಚಿ, ವಂದಾಮಿ ಮಾತಾಜಿ ಎಂದಳು. ಬರುವ ದಾರಿಯುದ್ದಕ್ಕೂ ಟೆಂಪೊದಲ್ಲಿ ತುಟಿ ಅಲ್ಲಾಡಿಸುತ್ತಾ ಅದನ್ನೇ ರೂಢಿ ಮಾಡಿಕೊಂಡಿದ್ದಳು, ಎಲ್ಲಿ ಬಾಯಿತಪ್ಪಿ ಕುಸುಮ ಎಂದುಬಿಡುತ್ತೇನೋ ಎಂಬ ಹೆದರಿಕೆಯಿಂದ. ಮಾತಾಜಿ ಎಲ್ಲರಿಗೂ ಕೈ ಎತ್ತಿದರು, ಸ್ವಾಧ್ಯಾಯ ನಡೆದಿದೆಯೇ ಎಂದು ಕೇಳಿದರು, ನೀನು ಶಾಲೆಯಲ್ಲಿ ಏನು ಓದುತ್ತಿರುವೆ ಎಂದು ನನ್ನನ್ನು ಕೇಳಿದರು, ಬೇರೆ ಮಕ್ಕಳನ್ನು ಕೇಳುವ ಹಾಗೇ. ಪಪ್ಪಾ ಮಾತಿಗೆ ಮಾತು ಸೇರಿಸಲೆಂದು, ಇವಳಿಗೆ ಕ್ಯಾಮೆರಾದ ಹುಚ್ಚು ಬಿಟ್ಟಿದೆ, ನೀವಿದ್ದಾಗ ತೆಗೆದದ್ದೆಲ್ಲ ಬೆಳಕು ಹೊಕ್ಕು ಕೆಟ್ಟುಹೋಯಿತು ಎಂದರು. ಮಾತಾಜಿ ಹುಬ್ಬು ಗಂಟಿಕ್ಕಿದರು. ಆ ಗಂಟು ನನಗೆ ಗೊತ್ತಿತ್ತು, ಬೇಳೆಯಲ್ಲಿ ಹುಳ ಕಂಡಾಗಿನದು.

"ಕೆಟ್ಟವ? ಹೆಂಗ ಕೆಡತಾವ? ಮಳೀಗಾಲ ಹತ್ತಿದಾಗಿಂದ ಅದನ್ನ ದಿನಾ ನೀವೆಲ್ಲಾ ಹೊರಗ ಹ್ವಾದ ಮ್ಯಾಲ ಹಿಂದಿನ ಬಾಗಲಾ ತಗದ ಬಿಸಲಿಗೆ ಇಡತಿದ್ನೆಲ್ಲ. ಒಳಗ ಟಪ್ ಅಂತ ಬಡಿತೈತಿ. ಸಂದ್ಯಾಗ ಒಂದ ಇರುವಿ ಇದ್ರ ಅದರ ಗತಿ ಏನು?"

ಮುಳ್ಳು ದಿನಾ ಯಾಕೆ ಮೊದಲಿಗೆ ಹೋಗಿ ನಿಲ್ಲುತ್ತಿತ್ತು ಎಂದು ಆಗ ಹೊಳೆಯಿತು: ಹಿಂದಿನ ಬಾಗಿಲು ತೆರೆದಾಗಲೆಲ್ಲ ಅದು ಅಲ್ಲಿಗೆ ಹೋಗುತ್ತದೆ. ಆಮೇಲೆ ಎಲ್ಲವೂ ಬಾಯಿಂದ ಬಂತು. ಅತ್ತೀ ಎಂದೆ. ಆ ಬಸದಿಯಲ್ಲಿ, ಅಷ್ಟು ಹೆಂಗಸರ ಎದುರಿಗೆ, ಮಾತಾಜಿಯನ್ನು ಅತ್ತೀ ಎಂದು ಕರೆದು, ನೀನೇ ಕೆಡಿಸಿದ್ದು, ಬಿಸಿಲು ಬಿದ್ದರೆ ರೋಲು ಸತ್ತುಹೋಗುತ್ತದೆ, ಆಯಿ ಕೇಳಿದ್ದಳು, ಅದು ಆಯಿಗೋಸ್ಕರ ತೆಗೆದದ್ದು ಎಂದು ಕೂಗಾಡಿದೆ. ಮಮ್ಮಿ ನನ್ನ ರಟ್ಟೆ ಹಿಡಿದು ಜಗ್ಗಿದಳು. ಚಾಪೆಯ ಮೇಲಿನ ಹೆಂಗಸರು ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದರು. ಮಾತಾಜಿ ನನ್ನನ್ನು ನೋಡಲಿಲ್ಲ, ಆಯಿಯನ್ನು ನೋಡಿದರು. ಆಯಿ ಎದ್ದು ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. ಬಯ್ಯುವುದು ನನ್ನನ್ನು ಎಂದೇ ಎಲ್ಲರೂ ತಿಳಿದರು.

"ಒಂದ ಮಾತ ಕೇಳಾಕ ಏನಾಗಿತ್ತ ಬೇ ನಿನಗ? ಇಷ್ಟ ದೊಡ್ಡಾಕಿ ಆಗೀದಿ, ಇನ್ನಾ ಬುದ್ಧಿ ಇಲ್ಲ. ಕಂಡಿದ್ದರಾಗ ಎಲ್ಲಾ ಕೈ ಹಾಕತಿ. ಆ ಕೂಸು ದಿನಾ ನಿನ್ನ ಬೆನ್ನ ಹತ್ತಿ ತಗೀತಿತ್ತು. ಏನ ಹೇಳಲಿ ನಿನಗ, ಕುಸಮೀ, ಏನ ಹೇಳಲಿ ನಿನಗ?"

ಆಯಿ ತನ್ನ ಬಾಯಿಂದ ಬಂದ ಹೆಸರನ್ನು ತಾನೇ ಕೇಳಿಸಿಕೊಂಡವಳಂತೆ ನಿಂತಿದ್ದಳು. ಮಣೆಯ ಮೇಲಿನ ಮಾತಾಜಿ ತಲೆ ತಗ್ಗಿಸಿದರು, ಹಾಲು ಉಕ್ಕಿಸಿ ಬೈಸಿಕೊಳ್ಳುವ ಹುಡುಗಿಯರು ತಗ್ಗಿಸುವ ಹಾಗೆ. ಮುಂದೆ ಕೂತ ನಮಗಷ್ಟೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ತಪ್ಪಾತವ್ವಾ."

ಆಯಿ ಕೂತಳು. ಕೈಮುಗಿದಳು. ವಂದಾಮಿ ಮಾತಾಜಿ ಎಂದು ನೆಲಕ್ಕೆ ಹಣೆ ಹಚ್ಚಿದಳು, ಬಹಳ ಹೊತ್ತು ಎತ್ತಲೇ ಇಲ್ಲ. ನಾವು ಹೊರಗೆ ಚಪ್ಪಲಿ ಕೊಡವಿ ಮೆಟ್ಟುತ್ತಿರುವಾಗ ಸಂಘದ ಸೇವೆಗಿದ್ದ ಹೆಂಗಸೊಬ್ಬಳು ಬಂದು, ಗೃಹಸ್ಥರ ಸಂಬಂಧ ಹಿಡಿದು ಮಾತಾಡಿದ್ದಕ್ಕೆ ಮಾತಾಜಿ ಪ್ರಾಯಶ್ಚಿತ್ತ ಕೇಳಿದ್ದಾರೆ, ನಾಳೆ ಆಹಾರ ಇಲ್ಲ, ಉಪವಾಸ ಎಂದು ಹೇಳಿದಳು. ಆಯಿ ತಲೆಯಾಡಿಸಿದಳು. ಮರುದಿನ ಮನೆಯಲ್ಲಿ ಮಮ್ಮಿ ತಾಟು ಹಾಕಿ ಕರೆದಾಗ ಆಯಿ, ನನಗೂ ಇವತ್ತು ಉಪವಾಸ ಐತಿ ಎಂದಳು. ಆಮೇಲೆ ಅವಳು ನನ್ನನ್ನು ಫೋಟೋ ಕೇಳಲಿಲ್ಲ.